ಕೈಗುಣಕ್ಕೆ ಅಂಕ ಕೊಡುವುದು ಹೇಗೆ?

ಫೈನಲ್ ಎಂಬಿಬಿಎಸ್ ಪ್ರಾಯೋಗಿಕ ಪರೀಕ್ಷೆಯ ದಿನ. ಮೆಡಿಸಿನ್ ವಾರ್ಡಿನ ಮೂಲೆಯ ಮಂಚದಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಅವಳ ಹೃದಯದ ಮೈಟ್ರಲ್ ಕವಾಟವನ್ನು ಕಿರಿದು ಮಾಡಿತ್ತು. ಬೆಳಗಿನಿಂದ ಮೂರು ಜನ ಅವಳ ಎದೆಗೆ ಸ್ಟೆತಸ್ಕೋಪ್ ಒತ್ತಿ ಹೋಗಿದ್ದರು. ನಾಲ್ಕನೆಯ ಹುಡುಗ ಬಂದು, ಬೆವರು ಒರೆಸಿಕೊಂಡು, ಎಲ್ಲಿಂದ ಶುರು ಮಾಡಲಿ ಎಂದು ತಡವರಿಸುತ್ತಿರುವಾಗ ಆಕೆ ತಾನಾಗಿಯೇ ಎಡಮಗ್ಗುಲಿಗೆ ಹೊರಳಿ, “ಇಲ್ಲಿಟ್ಟು ಕೇಳಪ್ಪ, ಎಲ್ಲರೂ ಇಲ್ಲೇ ಕೇಳೋದು” ಅಂದಳು. ಆ ಕಾಯಿಲೆಯ ಮರ್ಮರ್ ಚೆನ್ನಾಗಿ ಕೇಳುವುದು ರೋಗಿ ಎಡಕ್ಕೆ ಹೊರಳಿದಾಗಲೇ. ಹುಡುಗ ಪಾಸಾದ. ಪಕ್ಕದ ಮಂಚದ ಚೀಟಿ ಎತ್ತಿದ್ದ ಅವನ ಸಹಪಾಠಿ ಹುಡುಗಿಗೆ ಸಿಕ್ಕಿದ್ದು ಕಿವಿ ಮಂದವಾದ, ಕೇಳಿದ್ದಕ್ಕೆಲ್ಲ “ಹೂಂ” ಅನ್ನುವ ಒಬ್ಬ ಅಜ್ಜ. ಅವಳು ಆರು ತಿಂಗಳ ನಂತರ ಮತ್ತೆ ಪರೀಕ್ಷೆಗೆ ಕೂತಳು.

ನಾನು ಆಗ ಅಲ್ಲಿ ಪಿ.ಜಿ., ಅಂದರೆ ಪರೀಕ್ಷಕರಿಗೆ ಕಾಫಿ ತರಿಸುವವನು ಮತ್ತು ರೋಗಿಗಳನ್ನು ಹೊಂದಿಸುವವನು. ಯಾವ ಮಂಚದಲ್ಲಿ ಯಾವ ಕೇಸು ಎಂದು ನಿರ್ಧರಿಸಿದ್ದು ಬಹುಮಟ್ಟಿಗೆ ನಾನೇ. ಹಾಗಾಗಿ ಆ ಅನ್ಯಾಯದಲ್ಲಿ ನನ್ನ ಪಾಲೂ ಇದೆ.

ನಮ್ಮ ಜನ ಡಾಕ್ಟರನ್ನು ಅಳೆಯುವುದು ಕೈಗುಣದಿಂದ. “ಅವರ ಕೈಗುಣ ಒಳ್ಳೇದು” ಎಂದರೆ ಮುಗಿಯಿತು, ಮೇಲ್ಮನವಿ ಇಲ್ಲ. ವಿಶ್ವವಿದ್ಯಾಲಯಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದು ಅಂಕ ಕೊಡಬೇಕು, ಕೊಟ್ಟ ಅಂಕಕ್ಕೆ ಕಾರಣ ಹೇಳಬೇಕು. ಕಲಿಯುವ ವೈದ್ಯರ ಕೈಗೆ ಅಂಕ ಕೊಡಲು ಹೊರಟ ನೂರೆಂಬತ್ತು ವರ್ಷಗಳ ಪ್ರಯತ್ನವನ್ನು ಹಿಂತಿರುಗಿ ನೋಡಿದರೆ, ಅದು ಅದೃಷ್ಟದ ಜತೆಗಿನ ಗುದ್ದಾಟದಂತೆ ಕಾಣುತ್ತದೆ. ಸಿಕ್ಕ ಕೇಸಿನ ಅದೃಷ್ಟ, ಸಿಕ್ಕ ಪರೀಕ್ಷಕರ ಅದೃಷ್ಟ, ಆಡುವ ಭಾಷೆಯ ಅದೃಷ್ಟ. ಒಂದನ್ನು ಮುಂಬಾಗಿಲಿನಿಂದ ಹೊರಗಟ್ಟಿದರೆ ಇನ್ನೊಂದು ಹಿತ್ತಲಿನಿಂದ ಒಳಗೆ ಬಂದಿದೆ. ಒಮ್ಮೆ ಭಾರಿ ಎಚ್ಚರದಿಂದ ನೋಡುವುದಕ್ಕಿಂತ ಹಲವು ಸಲ, ಹಲವರು ನೋಡುವುದರಿಂದಲೇ ನ್ಯಾಯ ಹೆಚ್ಚು ಹತ್ತಿರ ಬಂದಿದೆ ಎನ್ನುವುದು ನನ್ನ ಓದು.

ಇಂಗ್ಲೆಂಡಿನಲ್ಲಿ ರೋಗಿಯ ಮಂಚದ ಪಕ್ಕದಲ್ಲೇ ನಿಯತವಾಗಿ ಪರೀಕ್ಷೆ ನಡೆಸುವ ಪದ್ಧತಿ ಶುರುವಾದದ್ದು 1842ರಲ್ಲಿ, ಕೇಂಬ್ರಿಜ್‌ನಲ್ಲಿ. ಜಾರ್ಜ್ ಪ್ಯಾಜೆಟ್ ಎಂಬ ವೈದ್ಯ ಹಟ ಹಿಡಿದು ವಿಶ್ವವಿದ್ಯಾಲಯವನ್ನು ಒಪ್ಪಿಸಿದ. ಅಲ್ಲಿಯವರೆಗೆ ಪದವಿಯೆಂದರೆ ಬಹುಮಟ್ಟಿಗೆ ಪುಸ್ತಕ ಮತ್ತು ಮಾತು. ಕಲ್ಕತ್ತಾ ಮತ್ತು ಮದರಾಸಿನ ಮೆಡಿಕಲ್ ಕಾಲೇಜುಗಳು ಶುರುವಾಗಿ ಆಗ ಏಳೇ ವರ್ಷ. ಇಂಗ್ಲೆಂಡಿನಲ್ಲಿ ಬೆಳೆದ ಪದ್ಧತಿ ನಿಧಾನವಾಗಿ ಇಲ್ಲಿಗೂ ಬಂತು. 1924ರಲ್ಲಿ ಮೈಸೂರು ಮೆಡಿಕಲ್ ಕಾಲೇಜು ಹುಟ್ಟುವ ಹೊತ್ತಿಗೆ ಲಾಂಗ್ ಕೇಸ್, ಶಾರ್ಟ್ ಕೇಸ್, ವೈವಾ ಎಂಬ ತ್ರಿಮೂರ್ತಿಗಳು ಬೇರೂರಿದ್ದವು, ಇಂದಿಗೂ ಅಲುಗಿಲ್ಲ.

ಲಾಂಗ್ ಕೇಸ್ ಗೊತ್ತಿಲ್ಲದವರಿಗಾಗಿ: ವಿದ್ಯಾರ್ಥಿಗೆ ಒಬ್ಬ ರೋಗಿಯನ್ನು ಕೊಟ್ಟು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬಿಡುತ್ತಾರೆ. ಕಾಯಿಲೆಯ ಕತೆ ಕೇಳಬೇಕು, ಮೈ ಮುಟ್ಟಿ ನೋಡಬೇಕು, ಬರೆದುಕೊಳ್ಳಬೇಕು. ಆಮೇಲೆ ಪರೀಕ್ಷಕರು ಬಂದು ಕೂತು, “ಹೇಳಿ” ಅನ್ನುತ್ತಾರೆ. ಇದರ ಸೊಗಸು ನಿಜವಾದದ್ದು. ಡಾಕ್ಟರ ಕೆಲಸ ಇಡಿಯಾಗಿ ಇರುವುದೇ ಹೀಗೆ. ಆದರೆ ಆ ಒಂದು ಗಂಟೆ ವಿದ್ಯಾರ್ಥಿ ಏನು ಮಾಡಿದ ಎನ್ನುವುದನ್ನು ಯಾರೂ ನೋಡುವುದಿಲ್ಲ. ಹೊಟ್ಟೆಯನ್ನು ಸರಿಯಾಗಿ ಮುಟ್ಟಿ ಗುಲ್ಮವನ್ನು ಹುಡುಕಿದನೋ, ರೋಗಿಯ ದಿಂಬಿನಡಿಯ ಹಳೇ ಡಿಸ್ಚಾರ್ಜ್ ಕಾರ್ಡ್ ನೋಡಿದನೋ? ಪರೀಕ್ಷಕರ ಮುಂದೆ ಬರುವುದು ಕೈಯ ಕೆಲಸವಲ್ಲ, ಅದರ ವರದಿ. ಅಡುಗೆ ಸ್ಪರ್ಧೆಯಲ್ಲಿ ಸಾರಿನ ವರ್ಣನೆ ಕೇಳಿ ಬಹುಮಾನ ಕೊಟ್ಟ ಹಾಗೆ.

ಈ ಕೊರತೆಯನ್ನು ಲೆಕ್ಕ ಹಾಕಿ ತೋರಿಸಿದವರು ಅಮೆರಿಕನ್ನರು. ಅಲ್ಲಿನ ರಾಷ್ಟ್ರೀಯ ವೈದ್ಯ ಪರೀಕ್ಷಾ ಮಂಡಳಿ 1916ರಲ್ಲಿ ತನ್ನ ಮೊದಲ ಪರೀಕ್ಷೆ ನಡೆಸಿದಾಗ ಮಂಚದ ಪಕ್ಕದ ಪರೀಕ್ಷೆಯೂ ಅದರಲ್ಲಿ ಸೇರಿತ್ತು. 1960ರ ದಶಕದ ಆರಂಭದಲ್ಲಿ ಅಂಕಗಳನ್ನು ಒಟ್ಟುಹಾಕಿ ನೋಡಿದರೆ, ಒಬ್ಬನೇ ಅಭ್ಯರ್ಥಿಗೆ ಇಬ್ಬರು ಪರೀಕ್ಷಕರು ಕೊಟ್ಟ ಅಂಕಗಳಿಗೆ ತಾಳಮೇಳವೇ ಇಲ್ಲ. ಮಂಡಳಿ ಆ ಭಾಗವನ್ನೇ ಕೈಬಿಟ್ಟಿತು. ಅಲ್ಲಿನ ಇಂಟರ್ನಲ್ ಮೆಡಿಸಿನ್ ತಜ್ಞರ ಮಂಡಳಿಯೂ 1972ರಲ್ಲಿ ಮೌಖಿಕ ಪರೀಕ್ಷೆ ನಿಲ್ಲಿಸಿತು. ಉಳಿದದ್ದು ನಾಲ್ಕರಲ್ಲಿ ಒಂದನ್ನು ಆರಿಸುವ ಲಿಖಿತ ಪರೀಕ್ಷೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು: ಅಂಕ ನಂಬಬಹುದಾಗಿತ್ತು, ಆದರೆ ಅಳೆಯಬೇಕಾದದ್ದೇ ಅಲ್ಲಿರಲಿಲ್ಲ.

ಅದೇ ಹೊತ್ತಿಗೆ ಲಾಸ್ ಏಂಜಲಿಸ್‌ನಲ್ಲಿ ಹೋವರ್ಡ್ ಬರೋಸ್ ಎಂಬ ನರರೋಗ ತಜ್ಞ ಬೇರೆ ದಾರಿ ಹಿಡಿದಿದ್ದ. ಅವನು ಮುಂದೆ ನೆನಪಿಸಿಕೊಂಡ ಒಂದು ಪ್ರಸಂಗ ನನಗೆ ಬಲು ಇಷ್ಟ. ಪರೀಕ್ಷೆಗೆಂದು ಕರೆಸಿದ್ದ ರೋಗಿಯೊಬ್ಬನನ್ನು ಒಬ್ಬ ಅಭ್ಯರ್ಥಿ ತೀರಾ ಒರಟಾಗಿ ನಡೆಸಿಕೊಂಡನಂತೆ. ರೋಗಿಗೆ ಸಿಟ್ಟು ಬಂತು. ತನ್ನ ಕಾಯಿಲೆಯ ಲಕ್ಷಣಗಳೆಲ್ಲ ಅವನಿಗೆ ಬಾಯಿಪಾಠ. ಒಂದು ಕಾಲಿನಲ್ಲಿ ತೋರಬೇಕಾದ ಲಕ್ಷಣವನ್ನು ಇನ್ನೊಂದು ಕಾಲಿನಲ್ಲಿ ತೋರಿಸಿ ಆ ಪುಣ್ಯಾತ್ಮನನ್ನು ದಾರಿ ತಪ್ಪಿಸಿದ. ಎಡಕ್ಕೆ ಹೊರಳಿ ಹುಡುಗನನ್ನು ದಡ ಸೇರಿಸಿದ ನಮ್ಮ ಹೆಂಗಸಿನದೇ ಶಕ್ತಿ, ತಿರುಗಿಸಿ ಬಳಸಿದ್ದು ಅಷ್ಟೆ. ರೋಗಿ ಹೀಗೆ ನಟಿಸಬಲ್ಲನಾದರೆ ಆರೋಗ್ಯವಂತರಿಗೇ ಕಾಯಿಲೆಯನ್ನು ಕಲಿಸಬಹುದಲ್ಲ? 1963ರಲ್ಲಿ ಬರೋಸ್, ಕಲಾವಿದರಿಗೆ ಮಾಡೆಲ್ ಆಗಿ ನಿಲ್ಲುತ್ತಿದ್ದ ಒಬ್ಬಾಕೆಗೆ ಕಾಲಿನ ಸ್ವಾಧೀನ ತಪ್ಪಿದ ರೋಗಿಯ ಪಾತ್ರ ಕಲಿಸಿದ. ಪ್ರತಿ ವಿದ್ಯಾರ್ಥಿಗೂ ಅದೇ ಕತೆ, ಅದೇ ಲಕ್ಷಣ. ಅವನು ಹೋದ ಮೇಲೆ ಆಕೆಯೇ ಅವನು ಮಾಡಿದ್ದು ಬಿಟ್ಟಿದ್ದರ ಪಟ್ಟಿ ತುಂಬುತ್ತಿದ್ದಳು. ಸ್ಟೀಫನ್ ಅಬ್ರಹಾಂಸನ್ ಜತೆ ಸೇರಿ 1964ರಲ್ಲಿ ಇದನ್ನು ಪ್ರಕಟಿಸಿದಾಗ ಸಿಕ್ಕಿದ್ದು ಹೆಚ್ಚಾಗಿ ಗೇಲಿ. ಹಾಲಿವುಡ್ ಮೆಡಿಕಲ್ ಕಾಲೇಜಿಗೆ ನುಗ್ಗಿದೆ ಎಂದು ಪತ್ರಿಕೆಗಳು ಆಡಿಕೊಂಡವು. ಇವತ್ತು ‘ಪ್ರಮಾಣಿತ ರೋಗಿ’ ಎಂಬ ಗೌರವದ ಹೆಸರಿನಲ್ಲಿ ಜಗತ್ತಿನುದ್ದಕ್ಕೂ ಇರುವ ವ್ಯವಸ್ಥೆ ಇದೇ.

ಇನ್ನೊಂದು ತಿರುವು ಸ್ಕಾಟ್ಲೆಂಡಿನ ಡಂಡಿಯಿಂದ ಬಂತು. 1975ರಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಪುಟ್ಟ ಲೇಖನ ಪರೀಕ್ಷೆಯ ಆಕಾರವನ್ನೇ ಬದಲಿಸಿತು. ಒಬ್ಬ ವಿದ್ಯಾರ್ಥಿ, ಒಬ್ಬ ರೋಗಿ, ಒಂದು ಗಂಟೆ ಎನ್ನುವ ಬದಲು ವಾರ್ಡಿನ ಸುತ್ತ ಸಾಲಾಗಿ ‘ಸ್ಟೇಷನ್’ಗಳು. ಒಂದರಲ್ಲಿ ಎದೆನೋವಿನ ಕತೆ ಕೇಳು, ಮುಂದಿನದರಲ್ಲಿ ಈಗ ಕೇಳಿದ್ದರ ಬಗ್ಗೆ ಪ್ರಶ್ನೆಗೆ ಉತ್ತರ ಬರೆ. ಇನ್ನೊಂದರಲ್ಲಿ ಕತ್ತು ಪರೀಕ್ಷಿಸು, ಮತ್ತೊಂದರಲ್ಲಿ ಎಕ್ಸ್‌ರೇ ಓದು. ಕೆಲವೇ ನಿಮಿಷಕ್ಕೊಮ್ಮೆ ಗಂಟೆ, ಎಲ್ಲರೂ ಒಂದು ಮನೆ ಮುಂದಕ್ಕೆ, ಚೌಕಾಬಾರದ ಕಾಯಿಗಳ ಹಾಗೆ. ಪರೀಕ್ಷಕರು ಕೂತು ಕಣ್ಣಾರೆ ನೋಡುತ್ತಾರೆ, ಕೈಯಲ್ಲಿ ಸಿದ್ಧಪಟ್ಟಿ. ಎಲ್ಲರಿಗೂ ಅದೇ ಕೆಲಸ, ಅದೇ ಪರೀಕ್ಷಕರು. ಇದಕ್ಕಿಟ್ಟ ಉದ್ದ ಹೆಸರಿನ ಮೊದಲಕ್ಷರಗಳಿಂದ ಬಂದ ‘ಓಸ್ಕಿ’ ಎಂಬ ಮಾತು ಈಗ ನಮ್ಮ ಹಾಸ್ಟೆಲುಗಳಲ್ಲೂ ಚಾಲ್ತಿಯಲ್ಲಿದೆ.

ಓಸ್ಕಿ ಗೆದ್ದದ್ದು ಆ ಪಟ್ಟಿಯಿಂದ ಎಂದು ಬಹಳ ಜನ ನಂಬಿದರು, ಈಗಲೂ ನಂಬಿದ್ದಾರೆ. ಅಸಲಿ ಕಾರಣ ಬೇರೆ. 1978ರಲ್ಲಿ ಆರ್ಥರ್ ಎಲ್‌ಸ್ಟೀನ್ ಮತ್ತು ಸಂಗಡಿಗರು ವೈದ್ಯರು ಹೇಗೆ ಯೋಚಿಸುತ್ತಾರೆ ಎಂದು ಹುಡುಕುತ್ತ ಒಂದು ಇರುಸುಮುರುಸಿನ ಸಂಗತಿಗೆ ಎಡವಿದ್ದರು: ಹೃದಯದ ಕೇಸನ್ನು ಚೆನ್ನಾಗಿ ಬಿಡಿಸಿದವನು ಹೊಟ್ಟೆಯ ಕೇಸನ್ನೂ ಚೆನ್ನಾಗಿ ಬಿಡಿಸುತ್ತಾನೆ ಎನ್ನುವ ಭರವಸೆಯಿಲ್ಲ. ಕೌಶಲವೆನ್ನುವುದು ಕೊಡದಲ್ಲಿ ತುಂಬಿಟ್ಟ ನೀರಲ್ಲ, ಯಾವ ಲೋಟದಲ್ಲಿ ಅದ್ದಿದರೂ ಅದೇ ರುಚಿ ಬರಲು. ಅಂದಮೇಲೆ ಒಂದೇ ಕೇಸು ನೋಡಿ ತೀರ್ಪು ಕೊಡುವುದು, ಎಷ್ಟೇ ದೊಡ್ಡ ಪ್ರೊಫೆಸರ್ ಕೂತಿರಲಿ, ಜೂಜೇ. ಹಾರ್ಡನ್‌ರ ವ್ಯವಸ್ಥೆ ಹೆಚ್ಚು ಕೇಸು ತೋರಿಸುತ್ತದೆ, ಹೆಚ್ಚು ಜನ ಪರೀಕ್ಷಕರ ಕಣ್ಣಿಗೆ ಬೀಳಿಸುತ್ತದೆ. ನ್ಯಾಯ ಬಂದದ್ದು ಅಲ್ಲಿಂದ. 2001ರಲ್ಲಿ ವ್ಯಾಲ್ ವಾಸ್ ಮತ್ತು ಸಂಗಡಿಗರು ಹಳೆಯ ಲಾಂಗ್ ಕೇಸನ್ನೇ ಮತ್ತೆ ಎತ್ತಿಕೊಂಡು ಲೆಕ್ಕ ಹಾಕಿದರು. ಒಬ್ಬ ವಿದ್ಯಾರ್ಥಿಗೆ ಎಂಟು ಹತ್ತು ಲಾಂಗ್ ಕೇಸು ಕೊಟ್ಟರೆ ಅದೂ ಓಸ್ಕಿಯಷ್ಟೇ ನಂಬಿಕೆಗೆ ಅರ್ಹ! ಹತ್ತು ಲಾಂಗ್ ಕೇಸು ಯಾರು ನಡೆಸುತ್ತಾರೆ ಎನ್ನುವುದು ಬೇರೆ ಮಾತು.

ಪಟ್ಟಿಯ ಹಿಂದೆ ಹೋದವರಿಗೆ ಪಟ್ಟಿಯೇ ತಿರುಗಿಬಿತ್ತು. ‘ರೋಗಿಗೆ ತನ್ನ ಹೆಸರು ಹೇಳಿದ: ಒಂದು ಅಂಕ. ಕೈ ತೊಳೆದ: ಒಂದು. ಸಿಗರೇಟಿನ ಬಗ್ಗೆ ಕೇಳಿದ: ಒಂದು.’ 1999ರಲ್ಲಿ ಟೊರಾಂಟೊದ ಬ್ರಯನ್ ಹಾಜಸ್ ತಂಡ ಮನೋರೋಗದ ಓಸ್ಕಿಗೆ ವಿದ್ಯಾರ್ಥಿಗಳ ಜತೆ ಅನುಭವಿ ವೈದ್ಯರನ್ನೂ ಕೂರಿಸಿ ನೋಡಿತು. ಪಟ್ಟಿಯ ಪ್ರಕಾರ ಅನುಭವಿಗಳು ಮೇಲೆ ಬರಲೇ ಇಲ್ಲ. ಬಲ್ಲವರು ಮೂರು ಪ್ರಶ್ನೆಯಲ್ಲಿ ಕಾಯಿಲೆಯ ಬುಡಕ್ಕೆ ಹೋಗುತ್ತಾರೆ, ಉಳಿದ ಹದಿನೇಳನ್ನು ಕೇಳುವುದಿಲ್ಲ. ಪಟ್ಟಿ ಆ ಹದಿನೇಳು ಸೊನ್ನೆಗಳನ್ನು ಎಣಿಸುತ್ತದೆ. ಬಲ್ಲ ಪರೀಕ್ಷಕರು ಒಟ್ಟಾರೆ ಹೇಗಿತ್ತು ಎಂದು ಕೊಟ್ಟ ಅಂಕ ಈ ಏಟಿಗೆ ಸಿಕ್ಕಲಿಲ್ಲ. ಓಸ್ಕಿಯ ಉದ್ದ ಹೆಸರಿನಲ್ಲೇ ಇರುವ ‘ವಸ್ತುನಿಷ್ಠ’ ಎಂಬ ಪದವನ್ನು ನಾನು ಅಂದಿನಿಂದ ಸ್ವಲ್ಪ ಅನುಮಾನದಿಂದ ನೋಡುತ್ತೇನೆ.

ಪಟ್ಟಿ ಕಲಿಸಿದ ನಾಟಕವನ್ನು ನಾನೇ ಕಂಡಿದ್ದೇನೆ. ಕಹಿ ಸುದ್ದಿ ತಿಳಿಸುವ ಸ್ಟೇಷನ್. ಹುಡುಗ ಕುರ್ಚಿ ಎಳೆದು ಕೂತ, ರೋಗಿಯ ಪಾತ್ರದಲ್ಲಿದ್ದ ಸಿಸ್ಟರ್ ಕಡೆ ಬಾಗಿ, “ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಅಮ್ಮಾ” ಅಂದ. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಸಹಾನುಭೂತಿಯ ಅಂಕ ಕೊಡದೆ ವಿಧಿಯಿಲ್ಲ, ಕೊಟ್ಟೆ.

ಪಾಸಿನ ಗೆರೆಯ ವಿಷಯ ಕಡಿಮೆ ಜನ ಕೇಳುವ ಪ್ರಶ್ನೆ. ನಮ್ಮಲ್ಲಿ ನೂರಕ್ಕೆ ಐವತ್ತು ಎನ್ನುವುದು ವೇದವಾಕ್ಯ. ಸುಲಭದ ಸ್ಟೇಷನ್ನಿಗೂ ಐವತ್ತು, ಕಷ್ಟದ್ದಕ್ಕೂ ಐವತ್ತು. ಬೇರೆ ಕಡೆ 1971ರ ಹೊತ್ತಿನಿಂದಲೇ ವಿಲಿಯಂ ಆಂಗಾಫ್ ಹೆಸರಿನ ಪದ್ಧತಿಯಿದೆ. ಅಂಚಿನಲ್ಲಿರುವ, ಹಾಗೂ ಹೀಗೂ ಪಾಸಾಗಬಹುದಾದ ಅಭ್ಯರ್ಥಿಯನ್ನು ಕಲ್ಪಿಸಿಕೊಂಡು, ಅವನಿಗೆ ಈ ಪ್ರಶ್ನೆಯಲ್ಲಿ ಎಷ್ಟು ಬರಬಹುದೆಂದು ತಜ್ಞರು ಮೊದಲೇ ಅಂದಾಜಿಸುತ್ತಾರೆ, ಗೆರೆ ಅಲ್ಲಿಂದ ಹುಟ್ಟುತ್ತದೆ. ಓಸ್ಕಿಯಲ್ಲಿ ಇನ್ನೂ ಸರಳ ಉಪಾಯವಿದೆ. ಪರೀಕ್ಷಕರು ಅಂಕದ ಜತೆಗೆ ‘ಅಂಚಿನವನು’ ಎಂದು ಗುರುತು ಹಾಕಿದವರ ಅಂಕಗಳನ್ನು ನೋಡಿ ಆ ಸ್ಟೇಷನ್ನಿನ ಗೆರೆ ಎಳೆಯುವುದು.

ಇನ್ನು ಪರೀಕ್ಷಕರು. ಎಕ್ಸ್‌ಟರ್ನಲ್ ಯಾರು ಬರುತ್ತಾರೆ ಎಂದು ತಿಳಿಯಲು ನಮ್ಮ ಹುಡುಗರು ನಡೆಸುವ ಬೇಹುಗಾರಿಕೆಗೆ ಕಾರಣವಿದೆ. ಒಬ್ಬರು ನಗುನಗುತ್ತ ಪಾಸು ಮಾಡುವವರು, ಇನ್ನೊಬ್ಬರ ಹೆಸರು ಕೇಳಿದರೆ ಬೆನ್ನುಹುರಿ ಸೆಟೆದುಕೊಳ್ಳುವಂಥವರು. ಇಂಗ್ಲಿಷ್ ಬಲ್ಲವರು ಇವರನ್ನು ಪಾರಿವಾಳ, ಗಿಡುಗ ಎಂದು ವಿಂಗಡಿಸುತ್ತಾರೆ. ಬ್ರಿಟನ್ನಿನ ಎಂಆರ್‌ಸಿಪಿ ಪದವಿಯ ‘ಪೇಸಸ್’ ಪರೀಕ್ಷೆ 2001ರಲ್ಲಿ ಶುರುವಾದಾಗಿನಿಂದ ಐದು ಸ್ಟೇಷನ್, ಪ್ರತಿಯೊಂದರಲ್ಲೂ ಇಬ್ಬರು ಪರೀಕ್ಷಕರು, ಒಬ್ಬರಿಗೊಬ್ಬರು ತೋರಿಸದೆ ಅಂಕ. ಅದರ ಅಂಕಗಳನ್ನು ಕ್ರಿಸ್ ಮೆಕ್‌ಮ್ಯಾನಸ್ ತಂಡ 2006ರಲ್ಲಿ ವಿಶ್ಲೇಷಿಸಿದಾಗ, ವ್ಯವಸ್ಥಿತ ವ್ಯತ್ಯಾಸದಲ್ಲಿ ಶೇಕಡ 87 ಅಭ್ಯರ್ಥಿಗಳ ಯೋಗ್ಯತೆಯಿಂದ, ಶೇಕಡ 12 ಪರೀಕ್ಷಕರ ಬಿಗಿ ಸಡಿಲದಿಂದ ಬಂದಿತ್ತು. ಇಷ್ಟು ಕಾವಲಿದ್ದ ಕಡೆ ಹನ್ನೆರಡು! ಪೀಟರ್ ಯೇಟ್ಸ್ ಎಂಬವರ ತಂಡ 2012ರಲ್ಲಿ ಇನ್ನೊಂದನ್ನು ತೋರಿಸಿತು. ಒಳ್ಳೆಯ ಅಭ್ಯರ್ಥಿಗಳನ್ನು ನೋಡಿದ ಕಣ್ಣು ಮುಂದೆ ಬಂದ ಸಾಧಾರಣದವನಿಗೆ ಕಡಿಮೆ ಕೊಡುತ್ತದೆ, ಕಳಪೆಯವರನ್ನು ನೋಡಿದ ಕಣ್ಣು ಅವನಿಗೇ ಹೆಚ್ಚು ಕೊಡುತ್ತದೆ. ರೋಲ್ ನಂಬರಿನಲ್ಲಿ ನಿಮಗಿಂತ ಮೊದಲು ಯಾರಿದ್ದರು ಎನ್ನುವುದೂ ಹಣೆಬರಹವೇ.

ನ್ಯಾಯದ ಪ್ರಶ್ನೆ ನಿಜಕ್ಕೂ ನ್ಯಾಯಾಲಯ ಮುಟ್ಟಿದ್ದು ಲಂಡನ್ನಿನಲ್ಲಿ. ಬ್ರಿಟನ್ನಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯ ಆಗಬೇಕಾದರೆ ಆಗ ಹದಿಮೂರು ಸ್ಟೇಷನ್ನುಗಳ ಒಂದು ಪರೀಕ್ಷೆ ದಾಟಬೇಕಿತ್ತು. ಪ್ರತಿಯೊಂದೂ ಹತ್ತು ನಿಮಿಷ, ರೋಗಿಗಳೆಲ್ಲ ನಟರು. ನಮ್ಮ ಕಾಲೇಜುಗಳಲ್ಲಿ ಓದಿ ಅಲ್ಲಿಗೆ ಹೋದವರೂ ಅದೇ ಸಾಲಿನಲ್ಲಿ. ಅನೀಸ್ ಇಸ್ಮಾಯಿಲ್ ಮತ್ತು ಕ್ರಿಸ್ ರಾಬರ್ಟ್ಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಐದು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳ ಫಲಿತಾಂಶ ನೋಡಿತ್ತು. ಲಿಖಿತ ಪರೀಕ್ಷೆಯ ಅಂಕಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಬ್ರಿಟನ್ನಿನಲ್ಲೇ ಓದಿದ ಅಲ್ಪಸಂಖ್ಯಾತ ಜನಾಂಗದವರು ಮೊದಲ ಯತ್ನದಲ್ಲಿ ನಪಾಸಾಗುವ ಸಂಭವ ಬಿಳಿಯ ಸಹಪಾಠಿಗಳಿಗಿಂತ ಮೂರೂವರೆ ಪಟ್ಟು. ಹೊರದೇಶಗಳಲ್ಲಿ ಓದಿದ ಅಂಥವರಿಗಂತೂ ಅದು ಹದಿನಾಲ್ಕನ್ನು ಮೀರಿತ್ತು. ಭಾರತೀಯ ಮೂಲದ ವೈದ್ಯರ ಸಂಘ ‘ಬಾಪಿಯೊ’ ಹೈಕೋರ್ಟಿಗೆ ಹೋಯಿತು. 2014ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಮಿಟಿಂಗ್ ಪರೀಕ್ಷೆ ಕಾನೂನುಬಾಹಿರವಲ್ಲ ಎಂದರು. ಆದರೆ ಈ ಅಂತರ ಸರಿಪಡಿಸಲು ಪರೀಕ್ಷೆ ನಡೆಸುವ ಕಾಲೇಜು ಕೈಹಾಕಬೇಕಾದ ಕಾಲ ಬಂದಿದೆ ಎಂದೂ ಸೂಚಿಸಿದರು.

ಪಕ್ಷಪಾತವೇ ಕಾರಣವೆಂದು ಆ ಅಂಕಿಗಳೊಂದರಿಂದಲೇ ಹೇಳಲಾಗದು, ಅಲ್ಲವೆಂದೂ ಹೇಳಲಾಗದು. ನನಗೆ ಕಾಣುವುದು ಇಷ್ಟು: ಲಿಖಿತ ಪರೀಕ್ಷೆಯಲ್ಲಿ ಮರೆಯಾಗಿದ್ದ ಮಾತಿನ ಧಾಟಿ, ಎದುರು ಕೂರುವ ರೀತಿ, ‘ಸಾರ್’ ಎನ್ನುವ ಅಭ್ಯಾಸ, ಇವೆಲ್ಲ ಕೌಶಲದ ಪರೀಕ್ಷೆಯಲ್ಲಿ ಅಂಕವಾಗಿ ಇಳಿಯುತ್ತವೆ. ಹಿರಿಯ ರೋಗಿಗೆ ನಾವು “ಹೀಗೆ ಮಾಡಿ” ಎಂದು ಹೇಳಿದರೆ ಅದು ಕಾಳಜಿ. ಅಲ್ಲಿ “ನಿಮಗೇನು ಅನ್ನಿಸುತ್ತದೆ?” ಎಂದು ಕೇಳದಿದ್ದರೆ ಅದು ದರ್ಪ.

ಇದು ದೂರದ ಮಾತಲ್ಲ. ಅಖಿಲ ಭಾರತ ಕೋಟಾದಲ್ಲಿ ಬಂದ ಹುಡುಗಿ ಕಲಬುರಗಿಯ ವಾರ್ಡಿನಲ್ಲಿ ನಿಂತಿದ್ದಾಳೆ. ಅಜ್ಜಿ “ಹೊಟ್ಟಿ ಭಾಳ ಬ್ಯಾನಿ ಆಗ್ತದ್ರಿ, ಚಕ್ಕರ್ ಬರ್ತದ” ಅಂದಳು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗನಿಗೇ ‘ಬ್ಯಾನಿ’ ನೋವೆಂದು ಗೊತ್ತಿರುವುದಿಲ್ಲ. ಯಾರಾದರೂ ಪಿ.ಜಿ. ನಡುವೆ ಬಂದು ತರ್ಜುಮೆ ಮಾಡಿದರೆ ಪರೀಕ್ಷೆ ಸಲೀಸು, ಬಾರದಿದ್ದರೆ ಇಲ್ಲ. ಎಂಬಿಬಿಎಸ್ಸಿನ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೆ ಜಾಗ ಕೊಟ್ಟಿದ್ದು ಒಳ್ಳೆಯದೇ. ಆದರೆ ರೋಗಿಯ ಭಾಷೆ ಬರುವುದು ಕೌಶಲವೇ, ಅದೃಷ್ಟವೇ? ಕೌಶಲವೆಂದೇ ನನ್ನ ವಾದ. ಹಾಗಿದ್ದರೆ ಅದನ್ನು ಕಲಿಸಿ ಅಳೆಯಬೇಕು. ಕಲಿಸದೆ ಅಳೆಯುವುದು ಅನ್ಯಾಯ, ಕಲಿಸಿಯೂ ಅಳೆಯದೆ ಬಿಡುವುದು ಆ ಅಜ್ಜಿಗೆ ಅನ್ಯಾಯ.

ಅಮೆರಿಕದ ಕತೆ ಒಂದು ಸುತ್ತು ಹಾಕಿ ಮತ್ತೆ ಹೊರಟ ಕಡೆಗೇ ಬಂತು. ಮಂಚದ ಪಕ್ಕದ ಪರೀಕ್ಷೆ ಕೈಬಿಟ್ಟ ದೇಶ, ಮೊದಲು 1998ರಲ್ಲಿ ಹೊರದೇಶದಲ್ಲಿ ಓದಿದವರಿಗೆ, ಆಮೇಲೆ 2004ರಿಂದ ತನ್ನ ವಿದ್ಯಾರ್ಥಿಗಳಿಗೂ ನಟ ರೋಗಿಗಳ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಹನ್ನೆರಡು ರೋಗಿ, ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಟಿಪ್ಪಣಿ ಬರೆಯಲು ಹತ್ತು. ಇಡೀ ದೇಶಕ್ಕೆ ಐದೇ ಕೇಂದ್ರ. ಶುಲ್ಕ ಕೊನೆಕೊನೆಗೆ 1,300 ಡಾಲರಿನ ಆಸುಪಾಸು. ದಾವಣಗೆರೆಯ ಹುಡುಗನಿಗೆ ವೀಸಾ, ವಿಮಾನ, ಷಿಕಾಗೊದ ಹೋಟೆಲು ಬೇರೆ. ಅಮೆರಿಕದಲ್ಲೇ ಓದಿದವರು ಬಹುತೇಕ ಎಲ್ಲರೂ ಪಾಸಾಗುವ ಪರೀಕ್ಷೆಗೆ ಇಷ್ಟು ದುಡ್ಡು ಯಾಕೆ ಎಂಬ ತಕರಾರು ಮೊದಲಿನಿಂದಲೂ ಇತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಕೇಂದ್ರಗಳಿಗೆ ಬೀಗ ಹಾಕಿಸಿತು, 2021ರ ಜನವರಿಯಲ್ಲಿ ಪರೀಕ್ಷೆಯನ್ನೇ ರದ್ದು ಮಾಡಿದರು. 1992ರಿಂದ ನಡೆಸಿಕೊಂಡು ಬಂದ ತನ್ನ ರಾಷ್ಟ್ರೀಯ ಓಸ್ಕಿಯನ್ನು ಕೆನಡಾ ಕೂಡ ಅದೇ ವರ್ಷ ನಿಲ್ಲಿಸಿತು.

ಒಂದು ದಿನದ ಪರೀಕ್ಷೆಯಿಂದ ಆಚೆ ನೋಡುವ ದಾರಿಯನ್ನು 1990ರಲ್ಲೇ ಜಾರ್ಜ್ ಮಿಲ್ಲರ್ ಒಂದು ಪಿರಮಿಡ್ ಬರೆದು ತೋರಿಸಿದ್ದ. ತಳದಲ್ಲಿ ‘ಗೊತ್ತಿದೆ’, ಅದರ ಮೇಲೆ ‘ಹೇಗೆಂದು ಗೊತ್ತಿದೆ’, ಅದರ ಮೇಲೆ ‘ಮಾಡಿ ತೋರಿಸುತ್ತಾನೆ’, ತುದಿಯಲ್ಲಿ ‘ಮಾಡುತ್ತಾನೆ’. ಓಸ್ಕಿ ಮೂರನೆಯ ಮೆಟ್ಟಿಲಿಗೆ ನಿಲ್ಲುತ್ತದೆ. ತುದಿ ಮುಟ್ಟಲು ಕೆಲಸದ ಜಾಗಕ್ಕೇ ಹೋಗಬೇಕು. 1995ರಲ್ಲಿ ಜಾನ್ ನಾರ್ಸಿನಿ ತಂದ ‘ಮಿನಿ ಸೆಕ್ಸ್’ ಎಂಬ ವಿಚಿತ್ರ ಹೆಸರಿನ ಉಪಾಯ ಸರಳವಾದದ್ದು: ಹಿರಿಯರೊಬ್ಬರು ಹತ್ತು ಹದಿನೈದು ನಿಮಿಷ ಮಂಚದ ಪಕ್ಕ ನಿಂತು ನೋಡುವುದು, ಫಾರಂ ತುಂಬುವುದು, ಅಲ್ಲೇ ತಿದ್ದಿ ಹೇಳುವುದು. ವರ್ಷದಲ್ಲಿ ಹಲವು ಸಲ, ಬೇರೆ ಬೇರೆಯವರಿಂದ. ಹೆಸರನ್ನು ಮೊದಲ ಸಲ ಕೇಳಿದ ತರಗತಿ ನಗದೆ ಇದ್ದದ್ದನ್ನು ನಾನು ಕಂಡಿಲ್ಲ. ನೆದರ್ಲೆಂಡ್ಸಿನ ಓಲೆ ಟೆನ್ ಕಾಟೆ 2005ರಲ್ಲಿ ಪ್ರಶ್ನೆಯನ್ನೇ ಬದಲಿಸಿದ. ಎಷ್ಟು ಅಂಕ ಎನ್ನುವ ಬದಲು, ಈ ಕೆಲಸವನ್ನು ಇವನ ಕೈಗೆ ಒಪ್ಪಿಸಿ ನಾನು ಮನೆಗೆ ಹೋಗಬಹುದೇ? ರಾತ್ರಿ ಡ್ಯೂಟಿ ಹಂಚುವ ಪ್ರತಿ ಯೂನಿಟ್ ಚೀಫ್ ದಿನವೂ ಬಾಯಿಬಿಡದೆ ಕೇಳಿಕೊಳ್ಳುವ ಪ್ರಶ್ನೆ ಅದೇ.

ಭಾರತಕ್ಕೆ ಇದೆಲ್ಲ ಒಟ್ಟಿಗೆ ಬಂತು. ಡಿಎನ್‌ಬಿ ಎಂಬ ಸ್ನಾತಕೋತ್ತರ ಪದವಿಯ ಮಕ್ಕಳ ವೈದ್ಯಕೀಯದಂಥ ಕಡೆ ಓಸ್ಕಿ ಮೊದಲೇ ನೆಲೆಯೂರಿತ್ತು. ಎಂಬಿಬಿಎಸ್ಸಿಗೆ 2019ರ ಬ್ಯಾಚಿನಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದು, ಪ್ರತಿ ಕಲಿಕೆಗೂ ಮಿಲ್ಲರ್ ಪಿರಮಿಡ್ಡಿನ ಮೆಟ್ಟಿಲುಗಳನ್ನೇ ಹೋಲುವ ಅಕ್ಷರಗಳನ್ನು ಅಂಟಿಸಿತು. ಸ್ಕಿಲ್ ಲ್ಯಾಬ್ ಬಂತು, ಲಾಗ್‌ಬುಕ್ ಬಂತು. ಪ್ರಾಯೋಗಿಕ ಹಂತವೂ ಇರುವ ‘ನೆಕ್ಸ್ಟ್’ ಎಂಬ ರಾಷ್ಟ್ರೀಯ ಪರೀಕ್ಷೆ 2019ರ ಕಾಯ್ದೆಯಲ್ಲಿದೆ. 2023ರಲ್ಲಿ ನಿಯಮಾವಳಿಯೂ ಹೊರಬಂದು ಮರುತಿಂಗಳೇ ಮುಂದಕ್ಕೆ ಹೋಯಿತು. ಲಾಗ್‌ಬುಕ್ಕಿನ ವಿಷಯ ಕೇಳಿದರೆ ನಕ್ಕುಬಿಡುತ್ತೇನೆ. ಇನ್ನೂರು ವಿದ್ಯಾರ್ಥಿಗಳ ಬ್ಯಾಚು, ಪರೀಕ್ಷೆಯ ಹಿಂದಿನ ವಾರ ಮೇಜಿನ ಮೇಲೆ ಇನ್ನೂರು ಪುಸ್ತಕ, ಸಹಿ ಹಾಕಿ ಹಾಕಿ ಬೆರಳು ನೋವು. ‘ಮಾಡುತ್ತಾನೆ’ ಎನ್ನುವುದಕ್ಕೆ ಹೀಗೆ ಸಾಕ್ಷಿ ಹಾಕಿದವರಲ್ಲಿ ನಾನೂ ಒಬ್ಬ.

ಆಮೇಲೆ ನಾಚಿಕೆಯಾಗಿ, ವಾರಕ್ಕೆ ಎರಡು ಸಲವಾದರೂ ಮಂಚದ ಪಕ್ಕ ನಿಲ್ಲುವುದೆಂದು ಹಟ ಹಿಡಿದೆ. ಮೊನ್ನೆ ಹಾಗೇ ನಿಂತಿದ್ದೆ. ಹೌಸ್ ಸರ್ಜನ್ ಹುಡುಗ ವಯಸ್ಸಾದ ಅಮ್ಮನೊಬ್ಬರ ಬಿಪಿ ನೋಡುತ್ತಿದ್ದ. ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿದ, ಕೈಯನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟ, ಮೊದಲು ನಾಡಿ ಹಿಡಿದು ಅಂದಾಜು ಮಾಡಿಕೊಂಡ, ಗಾಳಿಯನ್ನು ನಿಧಾನವಾಗಿ ಬಿಟ್ಟ. ಎಲ್ಲ ಸರಿ. ಫಾರಂನಲ್ಲಿ ಮೇಲಿನ ಅಂಕವನ್ನೇ ಗುರುತು ಮಾಡಿದೆ. ಅವನು ಮುಂದಿನ ಮಂಚಕ್ಕೆ ಹೋದ ಮೇಲೆ ಆ ಅಮ್ಮ ಸಣ್ಣ ದನಿಯಲ್ಲಿ, “ದಿನಾ ಬಟ್ಟೆ ಮೇಲೇ ಕಟ್ಟಿ ಬುಸ್ ಬುಸ್ ಅಂತ ಒತ್ತಿ ಹೋಗ್ತಾನೆ ಸಾರ್. ಇವತ್ತು ನೀವು ನಿಂತಿದ್ರಲ್ಲಾ” ಅಂದರು. ಫಾರಂನಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದು, ಅವನನ್ನು ವಾಪಸು ಕರೆದೆ.